ಕ್ಷ-ಕಿರಣ ಕಂಡುಹಿಡಿದ ರಾಂಟ್ಜೆನ್

ಗೆಳೆಯರೇ, ಹೋದ ಬೇಸಿಗೆ ರಜೆಯಲ್ಲಿ ನಾನು ಹುಣಸೆ ಮರದಿಂದ ಬಿದ್ದು ಎಡಗೈ ಮುರಿದುಕೊಂಡಿದ್ದು ನಿಮಗೆಲ್ಲ ಗೊತ್ತೇ ಇದೆ. ಬರೀ ಉಳುಕಿರಬೇಕು, ಎಣ್ಣೆ ಹಚ್ಚಿ ನೀವಿದರೆ ಹೋಗುತ್ತೆ ಅಂದರು ಅಜ್ಜಿ. ಅಪ್ಪ ಕೇಳದೆ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿ ಡಾಕ್ಟರು ಕಪ್ಪು ಫಿಲ್ಮನ್ನು ಬೆಳಕಿಗೆ ಹಿಡಿದಾಗ ಎಲುಬಿನಲ್ಲಿ ಕೂದಲೆಳೆಯಂಥ ಬಿರುಕು ಕಾಣಿಸಿತು. ಚರ್ಮ ಕೊಯ್ಯದೆ ಒಳಗಿನದು ಹೇಗೆ ಕಾಣುತ್ತೆ, ಇದನ್ನು ಕಂಡುಹಿಡಿದ ಪುಣ್ಯಾತ್ಮ ಯಾರು ಅಂತ ಅಜ್ಜಿ ಮನೆಗೆ ಬಂದ ಮೇಲೂ ಕೇಳುತ್ತಲೇ ಇದ್ದರು. ನನಗೆ ಹೆಸರು ಮಾತ್ರ ಗೊತ್ತಿತ್ತು. ಪ್ಲಾಸ್ಟರ್ ಹಾಕಿಕೊಂಡು ಆಟವಿಲ್ಲದೆ ಕೂತಿದ್ದಾಗ ವಿಜ್ಞಾನದ ಮೇಷ್ಟ್ರು ಓದೋಕೆ ಪುಸ್ತಕ ಕೊಟ್ಟರು. ಅದರಿಂದ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ವಿಲ್ಹೆಲ್ಮ್ ಕಾನ್ರಾಡ್ ರಾಂಟ್ಜೆನ್ ಹುಟ್ಟಿದ್ದು 1845ರ ಮಾರ್ಚ್ 27ರಂದು, ಜರ್ಮನಿಯ ಲೆನ್ನೆಪ್ ಎಂಬ ಊರಿನಲ್ಲಿ. ತಂದೆ ಬಟ್ಟೆ ವ್ಯಾಪಾರಿ. ಮಗುವಿಗೆ ಮೂರು ವರ್ಷವಾದಾಗ ಮನೆಯವರು ಹಾಲೆಂಡಿಗೆ ಹೋಗಿ ನೆಲೆಸಿದರು. ಮುಂದೆ ಉಟ್ರೆಕ್ಟ್ ಊರಿನ ಶಾಲೆಗೆ ಸೇರಿಸಿದರು. ಅಲ್ಲಿ ಒಂದು ಘಟನೆ ನಡೆಯಿತು. ಮೇಷ್ಟ್ರೊಬ್ಬರ ವ್ಯಂಗ್ಯಚಿತ್ರವನ್ನು ಯಾರೋ ಹುಡುಗ ಬರೆದ. ಬರೆದವನು ರಾಂಟ್ಜೆನ್ ಅಲ್ಲ. ಆದರೆ ಯಾರು ಅಂತ ಕೇಳಿದಾಗ ಅವನು ಹೆಸರು ಹೇಳಲಿಲ್ಲ. ಶಾಲೆಯಿಂದಲೇ ಹೊರಗೆ ಹಾಕಿದರು.

ಇದನ್ನು ಓದಿದಾಗ ನನಗೆ ಮುಂದಿನ ಪುಟ ತಿರುಗಿಸೋಕೆ ಆಗಲಿಲ್ಲ. ಯಾಕೆಂದರೆ ಮರ ಹತ್ತಿಸಿದ್ದು ಯಾರು ಅಂತ ಮನೆಯಲ್ಲಿ ಕೇಳಿದಾಗ, ಒಂದು ಏಟೂ ಬೀಳುವ ಮುಂಚೆಯೇ ನಾನು ಗೆಳೆಯನ ಹೆಸರು ಹೇಳಿಬಿಟ್ಟಿದ್ದೆ. ಅವನು ಹತ್ತು ಅಂದಿದ್ದು ನಿಜ. ಆದರೆ ಹತ್ತಿದ್ದು ನಾನೇ ತಾನೆ?

ಇರಲಿ. ರಾಂಟ್ಜೆನ್ ಹತ್ತಿರ ಶಾಲೆ ಮುಗಿಸಿದ ಸರ್ಟಿಫಿಕೇಟು ಇರಲಿಲ್ಲ. ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಪ್ರವೇಶ ಪರೀಕ್ಷೆಯ ಮೂಲಕ ಕಾಲೇಜಿಗೆ ಸೇರಬಹುದು ಅಂತ ಗೊತ್ತಾಗಿ 1865ರಲ್ಲಿ ಅಲ್ಲಿಗೆ ಹೋದರು. ಎಂಜಿನಿಯರಿಂಗ್ ಓದಿ, 1869ರಲ್ಲಿ ಡಾಕ್ಟರೇಟ್ ಪಡೆದು, ಹಲವು ಊರುಗಳಲ್ಲಿ ಪಾಠ ಹೇಳಿ, 1888ರಲ್ಲಿ ಜರ್ಮನಿಯ ವ್ಯೂರ್ಜ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಪ್ರೊಫೆಸರ್ ಆದರು.

1895ರ ನವೆಂಬರ್ 8. ಆಗ ಅವರಿಗೆ 50 ವರ್ಷ. ಗಾಳಿ ತೆಗೆದ ಗಾಜಿನ ಕೊಳವೆಯೊಳಗೆ ವಿದ್ಯುತ್ ಹರಿಸಿ ಪ್ರಯೋಗ ಮಾಡುತ್ತಿದ್ದರು. ಕೊಳವೆಗೆ ಕಪ್ಪು ರಟ್ಟು ಸುತ್ತಿದ್ದರು, ಕೋಣೆಯಲ್ಲಿ ಕತ್ತಲು. ಆದರೂ ಸ್ವಲ್ಪ ದೂರದಲ್ಲಿದ್ದ, ಬೇರಿಯಂ ಲವಣ ಬಳಿದ ಪರದೆ ಮಿನುಗಿತು! ರಟ್ಟನ್ನು ದಾಟಿ ಏನೋ ಹೋಗುತ್ತಿದೆ. ಅದೇನು ಅಂತ ಗೊತ್ತಿಲ್ಲದ್ದರಿಂದ ಎಕ್ಸ್ ಅಂತ ಹೆಸರಿಟ್ಟರು. ಗಣಿತದಲ್ಲಿ ಗೊತ್ತಿಲ್ಲದ ಸಂಖ್ಯೆಗೆ ಕ್ಷ ಅಂತಾರಲ್ಲ, ನಮ್ಮ ಕ್ಷ-ಕಿರಣ ಹಾಗೇ ಬಂದದ್ದು.

ಮುಂದಿನ ಕೆಲವು ವಾರ ಅವರ ಊಟ, ನಿದ್ದೆ ಎಲ್ಲ ಪ್ರಯೋಗಾಲಯದಲ್ಲೇ. ಡಿಸೆಂಬರ್ 22ರಂದು ಹೆಂಡತಿ ಆನಾ ಬರ್ತಾ ಅವರನ್ನು ಕರೆದು, ಕೈಯನ್ನು ಫೋಟೋ ಫಲಕದ ಮೇಲೆ ಸುಮಾರು 15 ನಿಮಿಷ ಇಡಿಸಿದರು. ತೊಳೆದು ನೋಡಿದರೆ ಬೆರಳಿನ ಎಲುಬುಗಳು, ಒಂದು ಬೆರಳಿನಲ್ಲಿ ಉಂಗುರ! ಆ ತಾಯಿಗೆ ತನ್ನ ಸಾವನ್ನೇ ಕಂಡಂತೆ ಆಯಿತು ಅಂತ ಹೇಳುತ್ತಾರೆ. ನಮ್ಮಜ್ಜಿಯೂ ನನ್ನ ಫಿಲ್ಮ್ ನೋಡಿ ಮೊದಲು ಕಣ್ಣು ಮುಚ್ಚಿಕೊಂಡಿದ್ದರು.

ಸುದ್ದಿ ಹಬ್ಬಿದ್ದೇ ತಡ, ಡಾಕ್ಟರುಗಳು ಕಾಯಲಿಲ್ಲ. 1896ರ ಜನವರಿಯಲ್ಲೇ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಜಾನ್ ಹಾಲ್ ಎಡ್ವರ್ಡ್ಸ್ ಕೈಯೊಳಗೆ ಸಿಕ್ಕಿಕೊಂಡ ಸೂಜಿಯ ಚಿತ್ರ ತೆಗೆದರು. ಅದೇ ವರ್ಷದ ಕೊನೆಯಲ್ಲಿ ಅಮೆರಿಕದ ವಾಲ್ಟರ್ ಕ್ಯಾನನ್ ಎಂಬ ವೈದ್ಯಕೀಯ ವಿದ್ಯಾರ್ಥಿ ನಾಯಿಗೆ ಗುಂಡಿ ನುಂಗಿಸಿ, ಅದು ಗಂಟಲಿನಿಂದ ಇಳಿಯುವುದನ್ನು ನೋಡಿದ. ಎಲುಬು ಚೆನ್ನಾಗಿ ಕಾಣುತ್ತೆ, ಹೊಟ್ಟೆ ಕಾಣೋಲ್ಲ. ಅದಕ್ಕೆ ಬಿಸ್ಮತ್ ಬೆರೆಸಿದ ತಿಂಡಿ ಕೊಟ್ಟು ಬೆಕ್ಕಿನ ಹೊಟ್ಟೆ ಹೇಗೆ ಅರೆಯುತ್ತದೆ ಎಂದು ಕಂಡುಕೊಂಡ. ಜೀವ ಇರುವಾಗಲೇ ಹೊಟ್ಟೆಯ ಕೆಲಸ ಹೀಗೆ ಕಂಡಿತು. ನಮ್ಮ ಕಡೆಗೂ ಈ ವಿದ್ಯೆ ಬಂತು. 1960-61ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಜನರ ಎದೆಯ ಚಿತ್ರ ತೆಗೆದು, ಕ್ಷಯ ಎಷ್ಟು ಜನಕ್ಕಿದೆ ಅಂತ ಸಮೀಕ್ಷೆ ಮಾಡಿದರು.

ಆದರೆ ಈ ಕಿರಣ ಸುಡುತ್ತದೆ ಅಂತ ಮೊದಲು ಯಾರಿಗೂ ಗೊತ್ತಿರಲಿಲ್ಲ. ದಿನವೂ ಅದರ ಮುಂದೆ ಕೈ ಹಿಡಿದವರಿಗೆ ಹುಣ್ಣಾಯಿತು. ಸೂಜಿ ತೋರಿಸಿದ ಅದೇ ಹಾಲ್ ಎಡ್ವರ್ಡ್ಸ್ ಅವರ ಎಡಗೈಯನ್ನು 1908ರಲ್ಲಿ ಕತ್ತರಿಸಬೇಕಾಯಿತು. ಹೀಗೆ ಪ್ರಾಣ ಕೊಟ್ಟವರ ನೆನಪಿಗೆ 1936ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಕಲ್ಲು ನಿಲ್ಲಿಸಿದಾಗ ಅದರಲ್ಲಿ 169 ಹೆಸರುಗಳಿದ್ದವು. ನನ್ನ ಚಿತ್ರ ತೆಗೆದ ಅಣ್ಣ ಗೋಡೆಯ ಆಚೆ ಹೋಗಿ ನಿಂತದ್ದು ಯಾಕೆ ಅಂತ ಈಗ ತಿಳಿಯಿತು.

ರಾಂಟ್ಜೆನ್ ಪೇಟೆಂಟ್ ಮಾಡಿಸಲಿಲ್ಲ. ಮಾಡಿಸಿದ್ದರೆ ಪ್ರತಿ ಆಸ್ಪತ್ರೆಯಿಂದ ದುಡ್ಡು ಬರುತ್ತಿತ್ತು. ಭೌತಶಾಸ್ತ್ರದ ಮೊಟ್ಟಮೊದಲ ನೊಬೆಲ್ ಬಹುಮಾನ 1901ರಲ್ಲಿ ಅವರಿಗೇ ಬಂತು. ಆ ಹಣವನ್ನೂ ವ್ಯೂರ್ಜ್‌ಬರ್ಗ್ ವಿಶ್ವವಿದ್ಯಾಲಯಕ್ಕೆ ಕೊಟ್ಟುಬಿಟ್ಟರು. 1919ರಲ್ಲಿ ಹೆಂಡತಿ ತೀರಿಕೊಂಡರು. ಮೊದಲನೇ ಮಹಾಯುದ್ಧದ ನಂತರ ಜರ್ಮನಿಯಲ್ಲಿ ಹಣಕ್ಕೆ ಬೆಲೆಯೇ ಹೋಗಿ, ಅವರು ಕೂಡಿಟ್ಟದ್ದೂ ಕರಗಿತು. 1923ರ ಫೆಬ್ರವರಿ 10ರಂದು ಕರುಳಿನ ಕ್ಯಾನ್ಸರಿನಿಂದ ಮ್ಯೂನಿಕ್‌ನಲ್ಲಿ ತೀರಿಕೊಂಡರು.

ಇಷ್ಟನ್ನೂ ಅಜ್ಜಿಗೆ ಓದಿ ಹೇಳಿದೆ. ದುಡ್ಡು ತಗೊಳ್ಳಲಿಲ್ಲವಾ ಅಂತ ಎರಡು ಸಲ ಕೇಳಿದರು.

ನನ್ನ ಎಕ್ಸ್‌ರೇ ಫಿಲ್ಮನ್ನು ಈ ಹಾಳೆಯ ಪಕ್ಕದ ಕಿಟಕಿಗೆ ಅಂಟಿಸಿದ್ದೇನೆ. ಪ್ರಾರ್ಥನೆಗೆ ಮುಂಚೆ ಬಿಸಿಲು ಬೀಳುವಾಗ ನೋಡಿ, ಮಣಿಕಟ್ಟಿನಿಂದ ಮೂರು ಬೆರಳು ಮೇಲೆ ಬಿರುಕು ಕಾಣುತ್ತದೆ. ಅಂದು ಮರದ ಕೆಳಗೆ ನಿಂತಿದ್ದವನು ಎಲ್ಲರಿಗಿಂತ ಮೊದಲು ನೋಡಲಿ. ಅವನಿಗೋಸ್ಕರ ನಾಳೆ ಬೇಗ ಬಂದು ಇಲ್ಲೇ ನಿಂತಿರುತ್ತೇನೆ.