ಹ್ಯೂ ಕ್ಲೆಗ್‌ಹಾರ್ನ್: ಅರಣ್ಯ ಸಂರಕ್ಷಣೆಯ ಸ್ನೇಹವಲಯ ಮತ್ತು ಮುದ್ರಿತ ವಾದ

ಬೆಂಗಳೂರಿನ ಲಾಲ್‌ಬಾಗ್ ಸರ್ಕಾರಿ ಸಸ್ಯೋದ್ಯಾನವಾಗಿ ರೂಪುಗೊಂಡುದರ ಹಿಂದಿರುವ ಹೆಸರುಗಳಲ್ಲಿ ಹ್ಯೂ ಕ್ಲೆಗ್‌ಹಾರ್ನ್‌ನದು (1820-1895) ಮುಖ್ಯವಾದುದು. ದಕ್ಷಿಣ ಭಾರತದ ಅರಣ್ಯ ಚರಿತ್ರೆಯಲ್ಲಿ ಈತನ ಪಾತ್ರ ಅದಕ್ಕಿಂತಲೂ ಹಿರಿದು. ಮದರಾಸಿನಲ್ಲಿ ಜನಿಸಿ, ಸ್ಕಾಟ್ಲೆಂಡಿನಲ್ಲಿ ಬೆಳೆದು, ಎಡಿನ್‌ಬರೋದಲ್ಲಿ ವೈದ್ಯಶಾಸ್ತ್ರ ಅಭ್ಯಸಿಸಿದ ಈತ 1842ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ವೈದ್ಯನಾಗಿ ಮದರಾಸಿಗೆ ಮರಳಿದನು. ಮುಂದೆ ಮೈಸೂರು ಕಮಿಷನ್ನಿನ ಸೇವೆಯಲ್ಲಿ ಶಿವಮೊಗ್ಗಕ್ಕೆ ಬಂದಾಗ ದಿನಕ್ಕೊಂದು ಸಸ್ಯವನ್ನು ಪರಿಶೀಲಿಸಿ, ದೇಶೀಯ ಚಿತ್ರಕಾರನಿಂದ ಅದರ ಚಿತ್ರ ಬರೆಸುವ ಪರಿಪಾಠವನ್ನು ಬೆಳೆಸಿಕೊಂಡನು. ಮಲೆನಾಡಿನ ಕಾಡು ಕರಗುತ್ತಿರುವುದು ಆತನ ಅರಿವಿಗೆ ಬಂದುದು ಇಲ್ಲಿಯೇ.

ಈ ಅರಿವು ವಾದವಾಗಿ ಬೆಳೆದುದು ಸಮಾನಮನಸ್ಕರ ಒಡನಾಟದಲ್ಲಿ. ಸಸ್ಯವಿಜ್ಞಾನಿ ರಾಬರ್ಟ್ ವೈಟ್ ಒಂದು ಸಸ್ಯಕುಲಕ್ಕೆ 'ಕ್ಲೆಗ್‌ಹಾರ್ನಿಯ' ಎಂದು ಹೆಸರಿಟ್ಟು ಸ್ನೇಹವನ್ನು ಶಾಶ್ವತಗೊಳಿಸಿದನು. ಎಡ್ವರ್ಡ್ ಬಾಲ್ಫೋರ್ 1849ರಲ್ಲಿ ಮದರಾಸಿನ ವಿದ್ವತ್ಪತ್ರಿಕೆಯೊಂದರಲ್ಲಿ ಮರಗಳಿಗೂ ಮಳೆಗೂ ಇರುವ ಸಂಬಂಧವನ್ನು ಕುರಿತು ಬರೆದನು. ಮುಂಬಯಿ ಪ್ರಾಂತದಲ್ಲಿ ಅಲೆಕ್ಸಾಂಡರ್ ಗಿಬ್ಸನ್ ಅರಣ್ಯ ಸಂರಕ್ಷಕನಾಗಿದ್ದನು. ಇವರೆಲ್ಲರೂ ವೃತ್ತಿಯಿಂದ ವೈದ್ಯರೆಂಬುದು ಗಮನಾರ್ಹ. ಬ್ರಿಟಿಷ್ ವಿಜ್ಞಾನ ಸಂಘವು ಉಷ್ಣವಲಯದ ಅರಣ್ಯನಾಶವನ್ನು ಕುರಿತು 1850ರಲ್ಲಿ ನೇಮಿಸಿದ ಸಮಿತಿಯಲ್ಲಿ ಕ್ಲೆಗ್‌ಹಾರ್ನ್ ಪ್ರಮುಖನಾಗಿದ್ದನು. 1851ರಲ್ಲಿ ಮಂಡಿತವಾದ ಅದರ ವರದಿಯು ಚದುರಿದ್ದ ಅನುಭವಗಳನ್ನು ಒಂದೆಡೆ ತಂದು, ಆಡಳಿತಗಾರರ ಮುಂದಿರಿಸಿತು.

ವರದಿಯ ಫಲ ಬೇಗನೆ ಕಂಡಿತು. ಕಮಿಷನರ್ ಮಾರ್ಕ್ ಕಬ್ಬನ್‌ನ ಕಾಲದಲ್ಲಿ, 1856ರಲ್ಲಿ, ಕ್ಲೆಗ್‌ಹಾರ್ನ್‌ನ ಸಲಹೆಯಂತೆ ಲಾಲ್‌ಬಾಗ್ ಸರ್ಕಾರಿ ಸಸ್ಯೋದ್ಯಾನವಾಯಿತು. ಅದು ವ್ಯಾಪಾರದ ತೋಟವಾಗದೆ ಸಸ್ಯಗಳ ಅಭಿವೃದ್ಧಿಗೂ ವಿನಿಮಯಕ್ಕೂ ನೆಲೆಯಾಗಬೇಕೆಂಬುದು ಆತನ ಆಶಯವಾಗಿತ್ತು. ಅದೇ ವರ್ಷ ಆತ ಮದರಾಸು ಪ್ರಾಂತದ ಮೊದಲ ಅರಣ್ಯ ಸಂರಕ್ಷಕನಾಗಿ ನೇಮಕಗೊಂಡನು. ಕನ್ನಡ ಜಿಲ್ಲೆಗಳ ಕಾಡುಗಳೂ ಆಗ ಆ ಪ್ರಾಂತಕ್ಕೆ ಸೇರಿದ್ದವು. ತನ್ನ ವರದಿಗಳನ್ನು ಕ್ರೋಡೀಕರಿಸಿ 1861ರಲ್ಲಿ ದಕ್ಷಿಣ ಭಾರತದ ಕಾಡು ಮತ್ತು ಉದ್ಯಾನಗಳನ್ನು ಕುರಿತ ಗ್ರಂಥವನ್ನು ಪ್ರಕಟಿಸಿದನು.

ಈ ಯಶಸ್ಸಿಗೆ ಇನ್ನೊಂದು ಮುಖವಿದೆ. ಕ್ಲೆಗ್‌ಹಾರ್ನ್ ಕುಮರಿ ಬೇಸಾಯದ ಕಟು ವಿರೋಧಿಯಾಗಿದ್ದನು. 1860ರಲ್ಲಿ ಮದರಾಸು ಸರ್ಕಾರ ಅನುಮತಿಯಿಲ್ಲದ ಕುಮರಿಯನ್ನು ತಡೆಯಿತು. ರೈಲುಹಳಿಯ ಅಡಿಮರಗಳಿಗಾಗಿ ಕಾಡು ಬರಿದಾಗುತ್ತಿದ್ದುದನ್ನೂ ಆತ ಬಲ್ಲವನಾಗಿದ್ದನು. ಆದರೆ ರೈಲು ನಿಲ್ಲಲಿಲ್ಲ, ನಿಂತುದು ಬೆಟ್ಟದವನ ಬೇಸಾಯ. ಗೆಳೆಯರು ಪರಸ್ಪರ ಓದಿ, ಬರೆದು, ಬೆಂಬಲಿಸಿದ ಆ ಮುದ್ರಿತ ವಲಯದಲ್ಲಿ ಕುಮರಿಗನಿಗೆ ಸ್ಥಾನವಿರಲಿಲ್ಲ. ಆತನ ನೆಲದ ತಿಳಿವಳಿಕೆ ಸಾಕ್ಷ್ಯವೆನಿಸದೆ ಅಪರಾಧವೆನಿಸಿತು. ಕಾಡನ್ನು ಉಳಿಸಬೇಕೆಂಬ ಕ್ಲೆಗ್‌ಹಾರ್ನ್‌ನ ಕಾಳಜಿ ನಿಜವಾದುದು; ಅದು ಯಾರ ಮಾತನ್ನು ಕೇಳಿಸಿಕೊಂಡಿತು, ಯಾರದನ್ನು ಬಿಟ್ಟಿತು ಎಂಬುದನ್ನು ಜೊತೆಗಿಟ್ಟು ನೋಡಿದಾಗಲೇ ಆತನ ಬದುಕಿನ ಮೌಲ್ಯಮಾಪನ ಪೂರ್ಣವಾಗುತ್ತದೆ.