ಸೈನಿಕರೆಲ್ಲರ ತಂದೆ ಕಾರ್ಯಪ್ಪ

ಸಹ್ಯಾದ್ರಿಯ ಮಡಿಲಿನಲ್ಲಿರುವ ಕೊಡಗು ಕಾಫಿ, ಕಿತ್ತಳೆಗಳಿಗೆ ಹೇಗೋ ಹಾಗೆಯೇ ವೀರಯೋಧರಿಗೂ ಹೆಸರಾದ ನಾಡು. ಭಾರತದ ಭೂಸೇನೆಯ ಪ್ರಥಮ ಭಾರತೀಯ ಮಹಾದಂಡನಾಯಕರಾದ ಕೊಡಂದೇರ ಮಾದಪ್ಪ ಕಾರ್ಯಪ್ಪನವರು ಜನಿಸಿದ್ದು ಈ ನಾಡಿನ ಶನಿವಾರಸಂತೆಯಲ್ಲಿ. ಅವರ ತಂದೆ ಕಂದಾಯ ಇಲಾಖೆಯಲ್ಲಿ ನೌಕರರಾಗಿದ್ದರು. ಮಡಿಕೇರಿಯಲ್ಲಿ ಶಾಲಾಭ್ಯಾಸ ಮುಗಿಸಿದ ಕಾರ್ಯಪ್ಪನವರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ವ್ಯಾಸಂಗ ಮಾಡಿದರು.

ಆಗ ಸೇನೆಯ ಅಧಿಕಾರಸ್ಥಾನಗಳು ಬಹುಮಟ್ಟಿಗೆ ಆಂಗ್ಲರ ಕೈಯಲ್ಲಿದ್ದವು. 1919ರಲ್ಲಿ ಇಂದೂರಿನಲ್ಲಿ ಅಧಿಕಾರಿ ಶಿಕ್ಷಣಕ್ಕೆ ಆಯ್ಕೆಯಾದ ಕೆಲವೇ ಭಾರತೀಯ ತರುಣರಲ್ಲಿ ಕಾರ್ಯಪ್ಪನವರೂ ಒಬ್ಬರು. 1933ರಲ್ಲಿ ಕ್ವೆಟ್ಟಾದ ಸ್ಟಾಫ್ ಕಾಲೇಜನ್ನು ಸೇರಿದ ಪ್ರಥಮ ಭಾರತೀಯರು ಅವರು. 1942ರಲ್ಲಿ ಒಂದು ಬೆಟಾಲಿಯನ್ನಿನ ನಾಯಕತ್ವ ವಹಿಸಿದ ಪ್ರಥಮ ಭಾರತೀಯರೂ ಅವರೇ. 1948ರ ಕಾಶ್ಮೀರ ಯುದ್ಧದಲ್ಲಿ ಪಶ್ಚಿಮ ವಿಭಾಗದ ಸೇನೆ ಅವರ ನೇತೃತ್ವದಲ್ಲಿ ಜೋಜಿಲಾ ಕಣಿವೆಯನ್ನು ಗೆದ್ದು ಲೇಹ್‌ಗೆ ದಾರಿ ತೆರೆಯಿತು. 1949ರ ಜನವರಿ 15ರಂದು ಅವರು ಜನರಲ್ ರಾಯ್ ಬುಚರ್ ಅವರಿಂದ ಮಹಾದಂಡನಾಯಕ ಪದವಿಯನ್ನು ವಹಿಸಿಕೊಂಡರು. ಆ ದಿನವನ್ನು ಪ್ರತಿವರ್ಷವೂ ಸೇನಾ ದಿನವಾಗಿ ಆಚರಿಸಲಾಗುತ್ತದೆ.

ಮನೆಯಲ್ಲಿಯೂ ಕಾರ್ಯಪ್ಪನವರದು ಶಿಸ್ತಿನ ಬಾಳು. ಮಗ, ಮಗಳ ಮೇಲೆ ಅವರಿಗೆ ಅಪಾರ ಮಮತೆ. ಆದರೆ ಸರ್ಕಾರದ ವಾಹನ ಮಕ್ಕಳ ಅನುಕೂಲಕ್ಕೆ ಬಳಕೆಯಾಗುವುದನ್ನು ಅವರು ಸಹಿಸುತ್ತಿರಲಿಲ್ಲ. 1953ರಲ್ಲಿ ನಿವೃತ್ತರಾದ ಬಳಿಕ ಆಸ್ಟ್ರೇಲಿಯ ಹಾಗೂ ನ್ಯೂಜಿಲೆಂಡ್‌ಗಳಲ್ಲಿ ಭಾರತದ ಹೈಕಮಿಷನರಾಗಿ ಸೇವೆ ಸಲ್ಲಿಸಿದರು. ಅನಂತರ ಮಡಿಕೇರಿಯ 'ರೋಷನಾರಾ' ಎಂಬ ತಮ್ಮ ಮನೆಯಲ್ಲಿ ನೆಲೆಸಿದರು.

1965ರ ಭಾರತ–ಪಾಕಿಸ್ತಾನ ಯುದ್ಧದಲ್ಲಿ ಅವರಿಗೆ ಕಠಿಣ ಪರೀಕ್ಷೆಯೊಂದು ಎದುರಾಯಿತು. ವಾಯುಸೇನೆಯಲ್ಲಿದ್ದ ಅವರ ಏಕಮಾತ್ರ ಪುತ್ರನ ವಿಮಾನ ಶತ್ರುಗಳ ಗುಂಡಿಗೆ ಉರುಳಿತು. ಗಾಯಗೊಂಡ ಮಗ ಸೆರೆಯಾದನು. ಆಗ ಪಾಕಿಸ್ತಾನದ ಅಧ್ಯಕ್ಷರಾಗಿದ್ದ ಅಯೂಬ್ ಖಾನರು ಅವಿಭಜಿತ ಸೇನೆಯಲ್ಲಿ ಕಾರ್ಯಪ್ಪನವರ ಕೈಕೆಳಗೆ ದುಡಿದವರು. ಹಳೆಯ ಗೌರವದಿಂದ ಅವರು ಮಗನನ್ನು ಬಿಟ್ಟುಕೊಡಲು ಸಿದ್ಧರೆಂದು ತಿಳಿಸಿದರು. ಒಂದು ಮಾತು ಒಪ್ಪಿದ್ದರೆ ಮಗ ಮನೆಗೆ ಬರುತ್ತಿದ್ದನು. ಆದರೆ ಸೆರೆಯಲ್ಲಿದ್ದ ಇತರ ಸೈನಿಕರ ತಂದೆತಾಯಿಗಳಿಗೆ ಅಂತಹ ಬಲವಿರಲಿಲ್ಲ. ಸೆರೆಯಲ್ಲಿರುವ ಭಾರತದ ಸೈನಿಕರೆಲ್ಲರೂ ತಮ್ಮ ಮಕ್ಕಳೇ, ಬಿಡುವುದಾದರೆ ಎಲ್ಲರನ್ನೂ ಬಿಡಬೇಕು, ತಮ್ಮ ಮಗನಿಗೆ ವಿಶೇಷ ಉಪಚಾರ ಬೇಡ ಎಂದು ಅವರು ಉತ್ತರವಿತ್ತರು. ಮಗ ಹಲವು ತಿಂಗಳು ಸೆರೆಯಲ್ಲಿದ್ದು 1966ರಲ್ಲಿ ಸಂಗಡಿಗರೊಂದಿಗೆ ಮರಳಿದನು. ಮುಂದೆ ಅವನು ಏರ್ ಮಾರ್ಷಲ್ ಪದವಿಗೇರಿದನು.

ಮುಪ್ಪಿನಲ್ಲಿಯೂ ಕಾರ್ಯಪ್ಪನವರು ಮಾಜಿ ಸೈನಿಕರ ಕ್ಷೇಮಚಿಂತನೆಯನ್ನು ಬಿಡಲಿಲ್ಲ. ನಿವೃತ್ತರಾಗಿ 33 ವರ್ಷಗಳು ಕಳೆದ ಮೇಲೆ, 1986ರಲ್ಲಿ, ರಾಷ್ಟ್ರವು ಅವರಿಗೆ ಫೀಲ್ಡ್ ಮಾರ್ಷಲ್ ಪದವಿಯನ್ನಿತ್ತು ಗೌರವಿಸಿತು. 1993ರ ಮೇ 15ರಂದು ಅವರು ಬೆಂಗಳೂರಿನಲ್ಲಿ ನಿಧನರಾದರು. ಮಡಿಕೇರಿಯಲ್ಲಿ ಅವರ ಅಂತ್ಯಸಂಸ್ಕಾರ ನೆರವೇರಿತು. ರಣರಂಗದ ಗೆಲುವು ಅವರಿಗೆ ಪದವಿಗಳನ್ನು ತಂದಿತು. ತನ್ನ ಮಗನನ್ನೂ ಪರರ ಮಕ್ಕಳನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ ನ್ಯಾಯಬುದ್ಧಿಯು ಅವರನ್ನು ಜನಮನದಲ್ಲಿ ಚಿರಸ್ಥಾಯಿಯಾಗಿ ನಿಲ್ಲಿಸಿತು.