ಕೆರೂರು ವಾಸುದೇವಾಚಾರ್ಯ: ಇಂಗ್ಲಿಷರ ಶಿಷ್ಟಾಚಾರವನ್ನು ಕನ್ನಡದ ಪಡಸಾಲೆಗೆ ಕರೆತಂದ ವಕೀಲರು

ಬಾಗಲಕೋಟೆಯಿಂದ ಬಾದಾಮಿಯ ಕಡೆಗೆ ಹೊರಟವರಿಗೆ ಕೆರೂರಿನ ಹೆಸರು ಅಪರಿಚಿತವಲ್ಲ. ಬಾದಾಮಿ ತಾಲೂಕಿಗೆ ಸೇರಿದ ಈ ಊರಿನ ಹೆಸರನ್ನು ತಮ್ಮ ಹೆಸರಿನ ಮುಂದೆ ಧರಿಸಿ, ಬಾಗಲಕೋಟೆಯಲ್ಲಿ ಬಾಳಿ, ಕನ್ನಡದ ಕಾದಂಬರಿ, ಸಣ್ಣಕತೆ, ನಾಟಕ ಮತ್ತು ಪತ್ರಿಕೋದ್ಯಮ ಎಂಬ ನಾಲ್ಕೂ ಕ್ಷೇತ್ರಗಳಲ್ಲಿ ಮೊದಲ ಸಾಲಿನ ಕೆಲಸ ಮಾಡಿದವರು ಕೆರೂರು ವಾಸುದೇವಾಚಾರ್ಯರು. ಸಾಹಿತ್ಯ ಚರಿತ್ರೆಯ ಪುಸ್ತಕಗಳಲ್ಲಿ ಅವರಿಗೆ ಒಂದೆರಡು ಪುಟಗಳ ಸ್ಥಳವಿದೆ. ಆದರೆ ಅವರು ಎದುರಿಸಿದ ಒಂದು ಪ್ರಶ್ನೆ ಇಂದಿಗೂ ಹಳೆಯದಾಗಿಲ್ಲ. ಆಳುವವರ ಭಾಷೆಯನ್ನು ಕಲಿತವನು ಆಳುವವರ ನಡೆನುಡಿಯನ್ನೂ ಕಲಿಯಬೇಕೆ? ಕಲಿತರೆ ತನ್ನ ಮನೆಯ ನಡಾವಳಿಯನ್ನು ಏನು ಮಾಡಬೇಕು?

ವಾಸುದೇವಾಚಾರ್ಯರು ಜನಿಸಿದ್ದು 1866ರಲ್ಲಿ, ಬಾಗಲಕೋಟೆಯಲ್ಲಿ. ಆಗ ಬಾಗಲಕೋಟೆ ಮುಂಬಯಿ ಪ್ರಾಂತಕ್ಕೆ ಸೇರಿದ ಕಲಾದಗಿ ಜಿಲ್ಲೆಯ ಊರು. ಮುಂದೆ ಜಿಲ್ಲೆಯ ಕೇಂದ್ರ ವಿಜಾಪುರಕ್ಕೆ ಹೋಯಿತು. ಬಾಗಲಕೋಟೆ ತಾನೇ ಜಿಲ್ಲಾ ಕೇಂದ್ರವಾಗಲು 1997ರವರೆಗೆ ಕಾಯಬೇಕಾಯಿತು. ಅವರ ಬಾಲ್ಯದ ಕಾಲಕ್ಕೆ ಈ ಭಾಗದ ಕಚೇರಿಗಳಲ್ಲಿ ಮರಾಠಿಯ ಪ್ರಭಾವ ದಟ್ಟವಾಗಿತ್ತು. ಅದರ ಮೇಲೆ ಇಂಗ್ಲಿಷ್ ಕುಳಿತಿತ್ತು. ಕನ್ನಡ ಮನೆಯಲ್ಲಿಯೂ ಸಂತೆಯಲ್ಲಿಯೂ ಉಳಿದಿತ್ತು. ಡೆಪ್ಯುಟಿ ಚನ್ನಬಸಪ್ಪನವರಂಥವರು ಕನ್ನಡ ಶಾಲೆಗಳಿಗಾಗಿ ಪಟ್ಟ ಶ್ರಮದ ಫಲ ಆಗತಾನೆ ಕಾಣಿಸಿಕೊಳ್ಳುತ್ತಿತ್ತು. ವಾಸುದೇವಾಚಾರ್ಯರು ಇಂಗ್ಲಿಷ್ ಶಿಕ್ಷಣ ಪಡೆದು, ಕಾನೂನು ಅಭ್ಯಾಸ ಮಾಡಿ, ವಕೀಲಿ ವೃತ್ತಿಯನ್ನು ಹಿಡಿದರು.

ಪತ್ರ ಬರೆಯುವ ವಿಧಾನ

ವಕೀಲರಾದವರಿಗೆ ಅಂದು ಕಾನೂನಿನ ಜೊತೆಗೆ ಇನ್ನೊಂದು ವಿದ್ಯೆಯೂ ಬೇಕಾಗಿತ್ತು. ಸಾಹೇಬರಿಗೆ ಅರ್ಜಿ ಬರೆಯುವುದು ಹೇಗೆ, ಯಾರನ್ನು ಯಾವ ಮಾತಿನಿಂದ ಸಂಬೋಧಿಸಬೇಕು, ಕಾಗದವನ್ನು ಯಾವ ಒಕ್ಕಣೆಯಿಂದ ಮುಗಿಸಬೇಕು ಎಂಬ ವಿದ್ಯೆ ಅದು. ಇಂಗ್ಲೆಂಡಿನಲ್ಲಿ ಇಂಥ ವಿಷಯಗಳಿಗಾಗಿಯೇ ಕೈಪಿಡಿಗಳಿದ್ದವು. ಸಾಮ್ಯುಯೆಲ್ ರಿಚರ್ಡ್‌ಸನ್ ಎಂಬ ಲಂಡನ್ನಿನ ಮುದ್ರಕನು 1741ರಲ್ಲಿ 173 ಮಾದರಿ ಪತ್ರಗಳ ಪುಸ್ತಕವೊಂದನ್ನು ಹೊರತಂದನು. ತಂದೆಗೆ ಮಗ, ಒಡೆಯನಿಗೆ ಆಳು, ಸಾಲಗಾರನಿಗೆ ವರ್ತಕ ಹೇಗೆ ಬರೆಯಬೇಕೆಂಬುದನ್ನು ಅದು ಕಲಿಸುತ್ತಿತ್ತು. ಆ ಪತ್ರಗಳನ್ನು ಬರೆಯುತ್ತಿರುವಾಗಲೇ ಅವನಿಗೆ, ಮನೆಗೆಲಸಕ್ಕೆ ಹೋದ ಬಡ ಹುಡುಗಿಯೊಬ್ಬಳ ಪತ್ರಗಳ ರೂಪದಲ್ಲಿ ಕತೆ ಹೇಳುವ ಆಲೋಚನೆ ಬಂದಿತು. ಹಾಗೆ ಹುಟ್ಟಿದ ಪಮೇಲಾ ಇಂಗ್ಲಿಷಿನ ಆರಂಭದ ಕಾದಂಬರಿಗಳಲ್ಲಿ ಒಂದಾಯಿತು. ಸಭ್ಯತೆಯ ಕೈಪಿಡಿಗೂ ಕಾದಂಬರಿಗೂ ಹೀಗೆ ಒಂದೇ ಮನೆಯ ನಂಟು.

ನಮ್ಮಲ್ಲಿಯೂ ಪತ್ರಕ್ಕೆ ಒಂದು ಮರ್ಯಾದೆ ಇತ್ತು. ತಂದೆಗೆ ತೀರ್ಥರೂಪ, ಮಗನಿಗೆ ಚಿರಂಜೀವಿ, ಹಿರಿಯರಿಗೆ ಸಾಷ್ಟಾಂಗ ನಮಸ್ಕಾರ, ನಂತರ ಉಭಯ ಕುಶಲೋಪರಿ. ವಿಷಯ ಏನೇ ಇರಲಿ, ಮೊದಲು ಬಂಧುತ್ವವನ್ನು ಹೇಳಿಯೇ ಮುಂದುವರಿಯಬೇಕು. ಇಂಗ್ಲಿಷ್ ಒಕ್ಕಣೆಯ ಬಗೆ ಬೇರೆ. ಬರೆಯುವವನು ತನ್ನನ್ನು ವಿಧೇಯ ಸೇವಕನೆಂದು ಕರೆದುಕೊಂಡು ಸಹಿ ಹಾಕಬೇಕು. ಇಂದಿಗೂ ಶಾಲೆಯ ಮಕ್ಕಳು ರಜೆಯ ಅರ್ಜಿಯ ಕೊನೆಗೆ ಇಂತಿ ತಮ್ಮ ವಿಧೇಯ ಎಂದು ಬರೆಯುವಾಗ ಆ ಹಳೆಯ ಇಂಗ್ಲಿಷ್ ಕಾಗದದ ನೆರಳು ಅದರಲ್ಲಿ ಕಾಣುತ್ತದೆ. ಒಬ್ಬನೇ ಮನುಷ್ಯ ಹಗಲು ಕಚೇರಿಗೆ ಒಂದು ಬಗೆಯ ಕಾಗದವನ್ನೂ ಸಂಜೆ ತಂದೆಗೆ ಇನ್ನೊಂದು ಬಗೆಯ ಕಾಗದವನ್ನೂ ಬರೆಯುತ್ತಿದ್ದ ಪೀಳಿಗೆ ವಾಸುದೇವಾಚಾರ್ಯರದು.

ನಾಟಕದ ಕಡೆಗೆ

ಅಂದು ಉತ್ತರ ಕರ್ನಾಟಕದ ಊರುಗಳಲ್ಲಿ ಮರಾಠಿ ನಾಟಕ ಮಂಡಳಿಗಳದ್ದೇ ಮೆರೆದಾಟ. ಕನ್ನಡಿಗರು ದುಡ್ಡು ಕೊಟ್ಟು ಮರಾಠಿ ನಾಟಕ ನೋಡುವ ಸ್ಥಿತಿಯನ್ನು ಕಂಡು ನೊಂದ ಶಾಂತಕವಿಗಳು 1870ರ ದಶಕದಲ್ಲಿಯೇ ಗದಗಿನಲ್ಲಿ ಕನ್ನಡ ನಾಟಕಗಳನ್ನು ಆಡಿಸಲು ಮುಂದಾಗಿದ್ದರು. ಚನ್ನಬಸಪ್ಪನವರು ಷೇಕ್ಸ್‌ಪಿಯರನ ವಿನೋದ ನಾಟಕವೊಂದನ್ನು ನಗದವರನ್ನು ನಗಿಸುವ ಕಥೆ ಎಂಬ ಹೆಸರಿನಿಂದ ಕನ್ನಡಕ್ಕೆ ತಂದಿದ್ದರು. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಸ್ಥಾಪನೆಯಾಯಿತು. ಇಂಗ್ಲಿಷ್ ಬಲ್ಲ ತರುಣರು ಕನ್ನಡಕ್ಕೆ ಏನಾದರೂ ಮಾಡಲೇಬೇಕೆಂಬ ಹುರುಪು ಎಲ್ಲೆಡೆ ಹಬ್ಬಿದ್ದ ಕಾಲವದು.

ವಾಸುದೇವಾಚಾರ್ಯರು ಈ ಹುರುಪಿನಲ್ಲಿ ನಾಟಕವನ್ನು ಕೈಗೆತ್ತಿಕೊಂಡರು. ನಳದಮಯಂತಿಯಂಥ ಪೌರಾಣಿಕ ವಸ್ತುವಿನ ನಾಟಕದ ಜೊತೆಗೆ ಅವರು ಇಂಗ್ಲಿಷ್ ನಾಟಕಗಳನ್ನೂ ರೂಪಾಂತರಿಸಿದರು. ಷೇಕ್ಸ್‌ಪಿಯರನ ವೆನಿಸ್ ನಗರದ ವರ್ತಕನು ಅವರ ಕೈಯಲ್ಲಿ ಸುರತನಗರದ ಶ್ರೇಷ್ಠಿಯಾದನು. ಬೇಸಿಗೆಯ ರಾತ್ರಿಯ ಕನಸು ವಸಂತಯಾಮಿನಿ ಸ್ವಪ್ನಚಮತ್ಕಾರವಾಯಿತು. ಬಾಗಲಕೋಟೆಯ ವಾಸುದೇವ ವಿನೋದಿನಿ ನಾಟ್ಯಸಭೆಯ ಹೆಸರು ಆ ಊರಿನ ರಂಗಾಸಕ್ತಿಗೆ ಸಾಕ್ಷಿಯಾಗಿ ಉಳಿದಿದೆ.

ಇವುಗಳ ನಡುವೆ ನಮ್ಮ ಪ್ರಶ್ನೆಗೆ ಹೆಚ್ಚು ಹತ್ತಿರದ್ದು ವಶೀಕರಣ. ಇದರ ಮೂಲ ಆಲಿವರ್ ಗೋಲ್ಡ್‌ಸ್ಮಿತ್‌ನ ಪ್ರಸಿದ್ಧ ಪ್ರಹಸನ. 1773ರ ಮಾರ್ಚ್ 15ರಂದು ಅದು ಲಂಡನ್ನಿನ ಕೋವೆಂಟ್ ಗಾರ್ಡನ್ ರಂಗಮಂದಿರದಲ್ಲಿ ಮೊದಲು ಪ್ರದರ್ಶನಗೊಂಡಿತು. ಕತೆ ಸರಳವಾದುದು. ಕನ್ಯೆಯನ್ನು ನೋಡಲು ಹೊರಟ ಮಾರ್ಲೋ ಎಂಬ ತರುಣನು, ತುಂಟನೊಬ್ಬನ ಮಾತಿಗೆ ಮರುಳಾಗಿ, ಬೀಗನಾಗಬೇಕಾದ ಹಿರಿಯರ ಮನೆಯನ್ನೇ ವಸತಿಗೃಹವೆಂದು ತಿಳಿಯುತ್ತಾನೆ. ಯಜಮಾನರನ್ನು ಅದರ ಮಾಲೀಕನೆಂದು ಭಾವಿಸಿ ಅದು ತಾ, ಇದು ತಾ ಎಂದು ಅಪ್ಪಣೆ ಕೊಡುತ್ತಾನೆ. ಕುಲೀನ ಕನ್ಯೆಯ ಎದುರು ತಲೆಯೆತ್ತಿ ನೋಡಲಾರದ ಇವನು, ಸೇವಕಿಯ ಎದುರು ಮಾತ್ರ ವಾಚಾಳಿ. ಇದನ್ನರಿತ ಕನ್ಯೆ ಸೇವಕಿಯಂತೆ ನಟಿಸಿಯೇ ಅವನ ಮನಸ್ಸನ್ನು ಗೆಲ್ಲುತ್ತಾಳೆ.

ಇದು ನಗೆಯ ನಾಟಕವೆಂಬುದು ನಿಜ. ಆದರೆ ನಗೆಯ ಒಳಗೆ ಒಂದು ಚುಚ್ಚು ಇದೆ. ಮನುಷ್ಯನ ವಿನಯವು ಅವನ ಸ್ವಭಾವದ್ದೋ, ಎದುರಿಗಿರುವವರ ಅಂತಸ್ತನ್ನು ನೋಡಿ ಬಂದದ್ದೋ? ಸಮಾನರ ಎದುರು ನಾಚಿ ನೀರಾಗುವವನು ಬಡವರ ಎದುರು ನಾಲಿಗೆ ಹರಿಯಬಿಟ್ಟರೆ ಅವನನ್ನು ಸಭ್ಯನೆನ್ನಬಹುದೆ?

ಒಂದೇ ಮಾರ್ಚ್ ತಿಂಗಳು

ಕಾಕತಾಳೀಯವೆಂಬಂತೆ, ಈ ನಾಟಕ ಮೊದಲ ಬಾರಿಗೆ ರಂಗಕ್ಕೇರಿದ ಒಂಬತ್ತೇ ದಿನಗಳಲ್ಲಿ, 1773ರ ಮಾರ್ಚ್ 24ರಂದು, ಲಾರ್ಡ್ ಚೆಸ್ಟರ್‌ಫೀಲ್ಡ್ ತೀರಿಕೊಂಡನು. ತನ್ನ ಮಗನಿಗೆ ಆತ ದಶಕಗಳ ಕಾಲ ಪತ್ರ ಬರೆದಿದ್ದನು. ಸಭೆಗೆ ಹೇಗೆ ಕಾಲಿಡಬೇಕು, ಹೇಗೆ ಮಾತನಾಡಬೇಕು, ಎಷ್ಟು ನಗಬೇಕು ಎಂಬುದೆಲ್ಲ ಅವುಗಳಲ್ಲಿತ್ತು. ಮಗ ತಂದೆಗಿಂತ ಮೊದಲೇ, 1768ರಲ್ಲಿ, ತೀರಿಹೋದನು. 1774ರಲ್ಲಿ ಸೊಸೆಯು ಆ ಪತ್ರಗಳನ್ನು ಪ್ರಕಟಿಸಿದಳು. ಅವು ಇಂಗ್ಲಿಷ್ ಶಿಷ್ಟಾಚಾರದ ಪಠ್ಯವೇ ಆಗಿಬಿಟ್ಟವು. ನಿಘಂಟುಕಾರ ಸಾಮ್ಯುಯೆಲ್ ಜಾನ್ಸನ್‌ನಿಗೆ ಮಾತ್ರ ಅವುಗಳಲ್ಲಿ ಹೊರಗಿನ ಠೀವಿ ಕಂಡಿತೇ ಹೊರತು ಒಳಗಿನ ಶೀಲ ಕಾಣಲಿಲ್ಲ. ಅಗತ್ಯವಿದ್ದಾಗ ತನ್ನನ್ನು ಬಾಗಿಲಲ್ಲಿ ಕಾಯಿಸಿ, ನಿಘಂಟು ಮುಗಿಯುವ ಹೊತ್ತಿಗೆ ಹೊಗಳಲು ಬಂದ ಈ ಪ್ರಭುವಿಗೆ ಜಾನ್ಸನ್ 1755ರಲ್ಲಿಯೇ ಪತ್ರ ಬರೆದು, ನಿಮ್ಮ ಆಶ್ರಯ ನನಗೀಗ ಬೇಡವೆಂದು ಸೌಜನ್ಯದ ಮಾತಿನಲ್ಲಿಯೇ ತಿಳಿಸಿದ್ದನು. ಗೋಲ್ಡ್‌ಸ್ಮಿತ್ ತನ್ನ ನಾಟಕವನ್ನು ಅರ್ಪಿಸಿದ್ದು ಇದೇ ಜಾನ್ಸನ್‌ನಿಗೆ. ಅಂದರೆ, ಇಂಗ್ಲಿಷರ ಸಭ್ಯತೆ ಒಂದೇ ಮುಖದ್ದಲ್ಲ. ಅದನ್ನು ಕಲಿಸುವವರ ಜೊತೆಯಲ್ಲಿಯೇ ಅದನ್ನು ಗೇಲಿ ಮಾಡುವವರೂ ಇದ್ದರು. ವಾಸುದೇವಾಚಾರ್ಯರು ಕನ್ನಡಕ್ಕೆ ತರಲು ಆರಿಸಿಕೊಂಡದ್ದು ಗೇಲಿ ಮಾಡುವ ಕೃತಿಯನ್ನು.

ನೀನು, ನೀವು, ತಾವು

ಇಂಥ ನಾಟಕವನ್ನು ಕನ್ನಡಕ್ಕೆ ತರುವುದು ಸುಲಭದ ಮಾತಲ್ಲ. ಇಂಗ್ಲಿಷಿನಲ್ಲಿ ಮಾಲೀಕನಿಗೂ ಮಾವನಿಗೂ ಒಂದೇ ಸರ್ವನಾಮ ಸಾಕು. ಕನ್ನಡದಲ್ಲಿ ಬಾಯಿ ತೆರೆದೊಡನೆಯೇ ಎದುರಿನವರು ಯಾರೆಂಬುದನ್ನು ತೀರ್ಮಾನಿಸಬೇಕು. ನೀನು, ನೀವು, ತಾವು ಎಂಬ ಮೂರು ಮೆಟ್ಟಿಲುಗಳಿವೆ. ಬಾಗಲಕೋಟೆಯ ಕಡೆಗಂತೂ ಬರ್ರಿ, ಕೂಡ್ರಿ, ಯಾಕ್ರಿ ಎಂಬ ಆ ರೀ ಕಾರವೇ ಅರ್ಧ ಮರ್ಯಾದೆ. ಅದು ಬಿಟ್ಟುಹೋದ ಕ್ಷಣವೇ ಕೇಳುವವರ ಕಿವಿ ನಿಮಿರುತ್ತದೆ. ಮನೆಯ ಹಿರಿಯರನ್ನು ಬಂದ ಅಳಿಯ ಏಕವಚನದಲ್ಲಿ ಕರೆದರೆ ಇಂಗ್ಲಿಷ್ ಪ್ರೇಕ್ಷಕರಿಗಿಂತ ನಮ್ಮ ಪ್ರೇಕ್ಷಕರಿಗೆ ತಟ್ಟುವ ಪೆಟ್ಟು ಹೆಚ್ಚು, ನಗೆಯೂ ಹೆಚ್ಚು. ಮೂಲ ನಾಟಕದಲ್ಲಿ ಸನ್ನಿವೇಶದಿಂದ ಹುಟ್ಟುವ ಹಾಸ್ಯಕ್ಕೆ ಕನ್ನಡದ ವ್ಯಾಕರಣವೇ ಒತ್ತಾಸೆಯಾಗಿ ನಿಲ್ಲುತ್ತದೆ. ರೂಪಾಂತರವೆಂದರೆ ಹೆಸರು ಬದಲಿಸುವುದಲ್ಲ, ನಡಾವಳಿಯನ್ನು ಬದಲಿಸುವುದು ಎಂಬುದು ಇಲ್ಲಿ ಸ್ಪಷ್ಟವಾಗುತ್ತದೆ.

ಅಷ್ಟೇ ಅಲ್ಲ, ಈ ನೆಲಕ್ಕೆ ಶಿಷ್ಟಾಚಾರದ ಪಾಠ ಹೊರಗಿನಿಂದಲೇ ಬರಬೇಕಾಗಿಯೂ ಇರಲಿಲ್ಲ. ಬಾದಾಮಿಯ ಬಂಡೆಯ ಮೇಲೆ ಸುಮಾರು 1300 ವರ್ಷಗಳ ಹಿಂದೆ ಕೆತ್ತಿದ ಕಪ್ಪೆ ಅರಭಟ್ಟನ ಶಾಸನವು, ಒಳ್ಳೆಯವರಿಗೆ ಒಳ್ಳೆಯವನಾಗಿ, ಮಧುರವಾಗಿ ನಡೆಯುವವರಿಗೆ ಮಧುರವಾಗಿ ನಡೆದುಕೊಂಡ ವೀರನೊಬ್ಬನನ್ನು ತ್ರಿಪದಿಯಲ್ಲಿ ಕೊಂಡಾಡುತ್ತದೆ. ಹುನಗುಂದ ತಾಲೂಕಿನ ಕೂಡಲಸಂಗಮದಲ್ಲಿ ಬೆಳೆದ ಬಸವಣ್ಣನವರು, ಮನೆಗೆ ಬಂದವರನ್ನು ಕುಶಲ ಕೇಳಿ ಕುಳ್ಳಿರಿಸದ ಸಿರಿವಂತಿಕೆಯನ್ನು ತಮ್ಮ ವಚನದಲ್ಲಿ ತರಾಟೆಗೆ ತೆಗೆದುಕೊಂಡರು. ಅವರ ಪ್ರಶ್ನೆ ಆತಿಥೇಯನಿಗೆ. ಗೋಲ್ಡ್‌ಸ್ಮಿತ್‌ನ ಪ್ರಶ್ನೆ ಅತಿಥಿಗೆ. ಇಳಕಲ್ಲಿನ ಸೀರೆಯಲ್ಲಿ ಒಡಲನ್ನೂ ಸೆರಗನ್ನೂ ಬೇರೆ ಬೇರೆ ಎಳೆಗಳಿಂದ ಸಿದ್ಧಪಡಿಸಿ ತೋಪು ತೆನಿಯ ವಿಧಾನದಿಂದ ಕೂಡಿಸುತ್ತಾರೆ. ವಾಸುದೇವಾಚಾರ್ಯರ ಕೆಲಸವೂ ಅಂಥದೇ ಕೂಡಿಕೆ ಎಂದರೆ ತಪ್ಪಾಗಲಾರದು.

ಕಾದಂಬರಿ, ಕತೆ, ಪತ್ರಿಕೆ

1908ರಲ್ಲಿ ಪ್ರಕಟವಾದ ಇಂದಿರೆ ಅವರ ಹೆಸರನ್ನು ಉಳಿಸಿದ ಕಾದಂಬರಿ. 1899ರಲ್ಲಿ ಗುಲ್ವಾಡಿ ವೆಂಕಟರಾಯರ ಇಂದಿರಾಬಾಯಿ ಕರಾವಳಿಯಲ್ಲಿ ತೆರೆದ ಹಾದಿಯನ್ನು ಬಯಲುಸೀಮೆಯಲ್ಲಿ ಮುಂದುವರಿಸಿದ ಕೃತಿ ಇದು. ಗಳಗನಾಥರು ಐತಿಹಾಸಿಕ ಕಾದಂಬರಿಗಳಿಂದ ಓದುಗರನ್ನು ಸೆಳೆಯುತ್ತಿದ್ದ ಕಾಲದಲ್ಲಿ ವಾಸುದೇವಾಚಾರ್ಯರು ಸಮಕಾಲೀನ ಸಂಸಾರದ ಕತೆಯನ್ನು ಹೇಳಿದರು. ಕನ್ನಡದ ಆರಂಭಕಾಲದ ಸ್ವತಂತ್ರ ಸಾಮಾಜಿಕ ಕಾದಂಬರಿಗಳಲ್ಲಿ ಇಂದಿರೆಗೆ ಸ್ಥಾನವಿದೆ. ಯದುಮಹಾರಾಜ, ಭ್ರಾತೃಘಾತಕನಾದ ಔರಂಗಜೇಬ, ವಾಲ್ಮೀಕಿ ವಿಜಯ ಅವರ ಇತರ ಕಾದಂಬರಿಗಳು. ಪ್ರೇಮವಿಜಯ, ತೊಳೆದ ಮುತ್ತು, ಬೆಳಗಿದ ದೀಪಗಳು ಎಂಬ ಕಥಾಸಂಕಲನಗಳಿಂದಾಗಿ ಪಂಜೆ ಮಂಗೇಶರಾಯರಂಥವರ ಜೊತೆಗೆ ಕನ್ನಡ ಸಣ್ಣಕತೆಯ ಮೊದಲಿಗರ ಸಾಲಿನಲ್ಲಿ ಅವರ ಹೆಸರೂ ಬರುತ್ತದೆ.

ವಕೀಲಿಯ ಜೊತೆಗೆ ಪತ್ರಿಕೆಗಳನ್ನು ನಡೆಸುವ ಸಾಹಸವನ್ನೂ ಅವರು ಮಾಡಿದರು. ಸಚಿತ್ರ ಭಾರತ ಮತ್ತು ಶುಭೋದಯ ಅವರ ಪತ್ರಿಕೆಗಳು. ಕೈಪಿಡಿಗಳು ನಡೆನುಡಿಯನ್ನು ಅಪ್ಪಣೆಯ ರೂಪದಲ್ಲಿ ಕಲಿಸುತ್ತವೆ. ಪತ್ರಿಕೆ ಮತ್ತು ಕಾದಂಬರಿ ಅದನ್ನು ಸಂವಾದದ ರೂಪದಲ್ಲಿ ಓದುಗರ ಮುಂದಿಡುತ್ತವೆ. ವಾಸುದೇವಾಚಾರ್ಯರು ಎರಡನೆಯ ಮಾರ್ಗವನ್ನು ಹಿಡಿದರು.

1921ರಲ್ಲಿ, ಐವತ್ತೈದು ವರ್ಷ ತುಂಬುವ ಮೊದಲೇ ಅವರು ನಿಧನರಾದರು. ನವೋದಯದ ಹೊಸ ಬೆಳೆ ಕೈಗೆ ಬರುವ ಹೊತ್ತಿಗೆ, ನೆಲ ಹದ ಮಾಡಿದವರು ಇರಲಿಲ್ಲ. ಮುಂದಿನ ಪೀಳಿಗೆಯ ವಿಮರ್ಶಕರ ಕಣ್ಣಿಗೆ ರೂಪಾಂತರಗಳು ಎರಡನೆಯ ದರ್ಜೆಯ ಕೆಲಸವಾಗಿ ಕಂಡವು. ಅವರ ಕೃತಿಗಳು ನಿಧಾನವಾಗಿ ಗ್ರಂಥಾಲಯದ ಕಪಾಟುಗಳನ್ನು ಸೇರಿದವು.

ಅವರು ಓಡಾಡಿದ ಹಳೆಯ ಬಾಗಲಕೋಟೆಯೂ ಇಂದು ಪೂರ್ತಿಯಾಗಿ ಉಳಿದಿಲ್ಲ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಘಟಪ್ರಭೆಯ ದಡದ ಎಷ್ಟೋ ಓಣಿಗಳನ್ನು ನುಂಗಿತು. ಸಾವಿರಾರು ಕುಟುಂಬಗಳು ನವನಗರಕ್ಕೆ ಹೋದವು. ಪಡಸಾಲೆಯ ಮನೆಗಳ ಬದಲು ಸೆಕ್ಟರುಗಳು ಬಂದವು. ಕಾಗದ ಬರೆಯುವ ರೂಢಿ ತಪ್ಪಿ, ಮೊಬೈಲಿನ ಎರಡು ಸಾಲಿನಲ್ಲಿ ಕ್ಷೇಮಸಮಾಚಾರ ಮುಗಿಯುತ್ತಿದೆ. ಇಂಗ್ಲಿಷ್ ಮಾತನಾಡುವ ಬಗೆಯನ್ನೂ ಸಂದರ್ಶನದಲ್ಲಿ ಕುಳಿತುಕೊಳ್ಳುವ ಬಗೆಯನ್ನೂ ಕಲಿಸುವ ತರಗತಿಗಳು ನಮ್ಮ ಜಿಲ್ಲಾ ಕೇಂದ್ರಗಳಲ್ಲೂ ನಡೆಯುತ್ತಿವೆ. ತರುಣರು ಅಲ್ಲಿಗೆ ಹೋಗುವುದರಲ್ಲಿ ತಪ್ಪೇನೂ ಇಲ್ಲ. ವಾಸುದೇವಾಚಾರ್ಯರೂ ಇಂಗ್ಲಿಷ್ ಕಲಿತೇ ಬೆಳೆದವರು. ಆದರೆ ಹೋಟೆಲಿನಲ್ಲಿ ಚಹಾ ತಂದಿಡುವ ಹುಡುಗನನ್ನು ನಾವು ಏನೆಂದು ಕರೆಯುತ್ತೇವೆ ಎಂಬುದರ ಪರೀಕ್ಷೆ ಆ ತರಗತಿಗಳಲ್ಲಿ ನಡೆಯುವುದಿಲ್ಲ. ನೂರು ವರ್ಷಗಳ ಹಿಂದೆ ಬಾಗಲಕೋಟೆಯ ವಕೀಲರೊಬ್ಬರು ನಗಿಸುತ್ತಲೇ ನಮ್ಮ ಮುಂದಿಟ್ಟದ್ದು ಆ ಪರೀಕ್ಷೆಯನ್ನು.